ಗೋಡೆಯ ಬಾಬ್ತು

ಮೂವತ್ತೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ
ಸಿದ್ದೋಜಿರಾಯರ ಎರಕದ ಕಾರ್ಖಾನೆಯಲ್ಲಿ.
ಬ್ರೇಕ್ ಡ್ರಮ್ಮು, ಪಂಪಿನ ಹೊಟ್ಟೆ, ಚರಂಡಿ ಮುಚ್ಚಳ.
ಶಿವಮೊಗ್ಗದ ಬೀದಿಗಳಲ್ಲಿ ನೀವು ತುಳಿದ
ಅರ್ಧಕ್ಕರ್ಧ ಮುಚ್ಚಳಗಳ ಮೇಲೆ
ಅವರ ಹೆಸರಿನ ಮೊದಲಕ್ಷರವಿದೆ,
ಸವೆದಿದೆ, ಬಗ್ಗಿ ನೋಡಿ.

ಭದ್ರಾವತಿಯ ಗುಜರಿಯಲ್ಲಿ ತುಕ್ಕು ಆರಿಸಿದ ಹುಡುಗ.
ಕಬ್ಬಿಣವನ್ನು ನಾಲಿಗೆಗೆ ತಾಗಿಸಿ ಬೆಲೆ ಹೇಳುತ್ತಿದ್ದರು.
ತೂಕವಿಲ್ಲದ್ದಕ್ಕೆ ಬೆಲೆಯಿಲ್ಲ
ಎಂದು ನಂಬಿದ್ದರು.
ನಾನೂ.

ಅಚ್ಚಿಗೆ ಮರಳು ಬೇಕಿತ್ತು. ಸಾಗರದಾಚೆ
ನೆಲ ನೋಡಲು ಹೋದವರು
ನೀರು ಕೇಳಲು ನಿಂತ ಮನೆಯ ಗೋಡೆ ನೋಡಿ
ತಂಬಿಗೆ ಕೈಯಲ್ಲೇ ಹಿಡಿದು ನಿಂತರಂತೆ.
ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಎಳೆ,
ಎಳೆಯೊಳಗೆ ಎಳೆ, ಗುರಿಗೆಕಾಯಿಯ ಹಳದಿ,
ದಂಡಿಗೆಯಲ್ಲಿ ಕೂತ ಮದುಮಗಳಿಗೆ ಮುಖವೇ ಇಲ್ಲ.
ಪುಂಡಿನಾರಿನ ಕುಂಚ ಇನ್ನೂ ಹಸಿ.
"ಯಾರು ಬರೆದದ್ದು?"
"ನಾನೇಯ," ಅಂದಳು ಕನ್ನಮ್ಮ,
"ಬರೋ ಭೂಮಿ ಹುಣ್ಣಿಮೆಗೆ ಒರೆಸ್ತೆ."

ಒರೆಸ್ತೆ. ಆ ಒಂದು ಮಾತಿಗೆ
ರಾಯರಿಗೆ ರಾತ್ರಿಯಿಡೀ ನಿದ್ದೆಯಿಲ್ಲ.
ಎರಕ ಒಡೆದರೆ ಮತ್ತೆ ಕರಗಿಸಬಹುದು. ಇದನ್ನು?

ಗೋಡೆ ಕೊಂಡರು. ನಗಬೇಡಿ,
ನನ್ನ ಕೈಯಲ್ಲೇ ಬರೆಸಿದರು: ಗೋಡೆ, ಒಂದು.
ಕೊಯ್ಯಲು ಹನ್ನೊಂದಾಳು. ಚೌಕಟ್ಟು ನಮ್ಮದೇ ಕಬ್ಬಿಣ.
ಒತ್ತಲು ಭತ್ತದ ಹೊಟ್ಟು, ಹಳೇ ಕಂಬಳಿ ಒಂಬತ್ತು.
ಬದಲಿ ಗೋಡೆಗೆ ಇಟ್ಟಿಗೆ, ಸಿಮೆಂಟು,
ಡಿಸ್ಟೆಂಪರು, ತಿಳಿಹಸಿರು.
ಲಾರಿ ಆನಂದಪುರ ದಾಟಿ ಕುಂಸಿ ತಲುಪಲು ಒಂದು ಹಗಲು.
ಆಯನೂರಿನ ರಸ್ತೆಯುಬ್ಬಿನಲ್ಲಿ ಒಂದು ಬಿರುಕು,
ಕೂದಲಿನಷ್ಟು, ಮದುಮಗಳ ಕೊರಳ ಮೇಲೆ.
ಹಿಂದಿನ ಕಾರಿನಲ್ಲಿ ರಾಯರು ಅತ್ತರೆಂದ ಡ್ರೈವರು.
ನಾನು ನಂಬಲಿಲ್ಲ.

ಆಮೇಲೆ ಕೈ ನಿಲ್ಲಲಿಲ್ಲ.
ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆ,
ಭೂಮಣ್ಣಿ ಬುಟ್ಟಿ ನಲವತ್ತು,
ಮುಂಬೈಯ ಹರಾಜಿನಿಂದ ಬಂದ
ನನಗೆ ತಲೆಬುಡ ತಿಳಿಯದ ಕ್ಯಾನ್ವಾಸುಗಳು.
ಜೊತೆಗೇ ಎರಡು ಶಾಲೆಗೆ ಮಾಡು, ಒಂದು ಹೆರಿಗೆ ವಾರ್ಡು,
ಎದೆರೋಗದ ವಾರ್ಡಿಗೆ ಇಪ್ಪತ್ತು ಹಾಸಿಗೆ.
ಅದರಲ್ಲೊಂದರ ಮೇಲೆ ನಮ್ಮ ಮೋಲ್ಡರ್ ಬಾರಿ ಸಾಹೇಬರು,
ಇಪ್ಪತ್ತೆರಡು ವರ್ಷ ಅಚ್ಚಿನ ಮರಳು ಉಸಿರಾಡಿದವರು.
"ಹಾಸಿಗೆ ಮೆತ್ತಗಿದೆ ಶೇಷಪ್ಪ," ಅಂದರು ಕೆಮ್ಮಿನ ನಡುವೆ.
ಹಾಸಿಗೆಯನ್ನು ದಾನದ ಪುಟದಲ್ಲಿ ಬರೆದೆ.
ಕೆಮ್ಮನ್ನು ಯಾವ ಪುಟದಲ್ಲಿ ಬರೆಯಲಿ ಎಂದು
ರಾಯರನ್ನು ಕೇಳಲಿಲ್ಲ.
ಕೇಳಬೇಕಿತ್ತು.

ಗ್ಯಾಲರಿ ತೆರೆದ ದಿನ ಕನ್ನಮ್ಮನಿಗೆ ಕಾರು ಕಳಿಸಿದರು.
ತಣ್ಣನೆಯ ಕೋಣೆ, ಹಗ್ಗ, ಮುಟ್ಟಬಾರದೆಂಬ ಹಲಗೆ.
ಅವಳು ಹಗ್ಗ ದಾಟಿದಳು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.
"ಹಳೇದಾತಲ್ಲ. ಒಂದು ಒದ್ದೆ ಬಟ್ಟೆ ಕೊಡಿ."
ಸಭೆಯೆಲ್ಲ ನಕ್ಕಿತು. ರಾಯರು ನಗಲಿಲ್ಲ.
"ಮನೇಲಿ ಹೊಸದು ಬರೆದಿರ್ತೀಯಲ್ಲಮ್ಮ?"
"ಎಲ್ಲಿ ಬರೆಯೋದು? ನೀವು ಕಟ್ಟಿಸಿದ್ದು ಸಿಮೆಂಟು.
ಕೆಮ್ಮಣ್ಣು ಹಿಡಿಯಾದಿಲ್ಲ. ಉದುರ್ತದೆ.
ಮೂರು ವರ್ಷ ಆತು, ಕೈ ಸುಮ್ನಿದೆ."

ಆ ಭಾನುವಾರ ಎಪ್ಪತ್ತೊಂದರ ಮುದುಕರು
ಪ್ಯಾಂಟು ಮಡಚಿ ಅವಳ ಅಂಗಳದಲ್ಲಿ ಮಣ್ಣು ತುಳಿದರು.
ಊಟದ ಹೊತ್ತಿಗೆ ಏದುಸಿರು, ಜಗುಲಿಯಲ್ಲಿ ಕೂತುಬಿಟ್ಟರಂತೆ.
ಸಂಜೆ ಉಳಿದ ಆಳುಗಳಂತೆ ಅವರಿಗೂ
ಕನ್ನಮ್ಮ ಕೂಲಿ ಎಣಿಸಿ ಕೊಟ್ಟಳು,
ಅರ್ಧ ದಿನದ್ದು. ಮಾಡಿದ್ದು ಅಷ್ಟೇ.

ಸೋಮವಾರ ಆ ನೋಟುಗಳನ್ನು ನನ್ನ ಮೇಜಿನ ಮೇಲಿಟ್ಟು
"ಜಮಾ ಮಾಡ್ಕೋ," ಅಂದರು.
"ಯಾವ ಬಾಬ್ತು, ರಾಯರೇ?"
ಕನ್ನಡಕ ಒರೆಸಿಕೊಂಡು ಹೊರಟುಹೋದರು.

ಈಗ ರಾಯರಿಲ್ಲ. ನಾನಿನ್ನೂ ಬರೆದಿಲ್ಲ.
ಪ್ರತಿ ಮಾರ್ಚಿಗೆ ಆಡಿಟರು ಕೇಳುತ್ತಾರೆ,
ಈ ಖಾಲಿ ಪುಟಕ್ಕೆ ಕೆಂಪು ಮಣ್ಣು
ಹೇಗೆ ಹತ್ತಿತೆಂದು.